ಸಾವಯವ ಪದಾರ್ಥಗಳೂ ಪಟ್ಟಣದ ಮಾರುಕಟ್ಟೆಯೂ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿರುವ ರಸೆಲ್ ಮಾರುಕಟ್ಟೆಯು ಸುತ್ತಲಿನ ತಾಲ್ಲೂಕುಗಳ ಬೇಸಾಯಗಾರರಿಗೆ ಅಪರಿಚಿತವಾದ ಸ್ಥಳವಲ್ಲ. 1927ರಲ್ಲಿ ಕಟ್ಟಲ್ಪಟ್ಟ ಈ ಕಟ್ಟಡಕ್ಕೆ ಅಂದು ಪೌರಾಡಳಿತದ ಕಮಿಷನರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರನ್ನಿಟ್ಟರು. 2012ರಲ್ಲಿ ಬೆಂಕಿ ಬಿದ್ದು ಅನೇಕ ಮಳಿಗೆಗಳು ನಾಶವಾದರೂ ವ್ಯಾಪಾರವು ನಿಂತುಹೋಗಲಿಲ್ಲ. ಇಂತಹ ಮಾರುಕಟ್ಟೆಗೆ ಬರುವ ಗ್ರಾಹಕನು ಬಹುಕಾಲದಿಂದ ಕೇಳುತ್ತ ಬಂದಿರುವ ಪ್ರಶ್ನೆಗಳು ಎರಡೇ: ಮಾಲು ಹೊಸದೇ? ಬೆಲೆಯೆಷ್ಟು? ಈಚೆಗೆ ಮೂರನೆಯದೊಂದು ಸೇರಿಕೊಂಡಿದೆ. ಇದನ್ನು ಯಾವ ಗೊಬ್ಬರದಿಂದ ಬೆಳೆದರು, ಯಾವ ಔಷಧಿಯನ್ನು ಸಿಂಪಡಿಸಿದರು? ಮಳಿಗೆಯವನು ಇದಕ್ಕೆ ಉತ್ತರ ಹೇಳಲಾರನು. ಅದು ಅವನ ತಪ್ಪಲ್ಲ. ಹತ್ತು ಹೊಲಗಳ ಮಾಲು ಎರಡು ಮೂರು ಕೈ ದಾಟಿ ಒಂದೇ ರಾಶಿಯಾಗಿ ಅವನ ಮುಂದೆ ಬೀಳುತ್ತದೆ.

ಆದಕಾರಣ ಆ ಮೂರನೆಯ ಪ್ರಶ್ನೆಯುಳ್ಳವರು ಬೇರೆ ಅಂಗಡಿಗಳನ್ನು ಹುಡುಕಿಕೊಂಡಿದ್ದಾರೆ. ಇಂದಿರಾನಗರವೇ ಮೊದಲಾದ ಬಡಾವಣೆಗಳಲ್ಲಿ ಸಾವಯವವೆಂದು ಮುದ್ರೆಯೊತ್ತಿದ ಅಕ್ಕಿ, ಬೇಳೆ, ರಾಗಿ, ನವಣೆ, ಬೆಲ್ಲ, ಗಾಣದ ಎಣ್ಣೆಗಳು ದೊರೆಯುತ್ತಿವೆ. ತಿನ್ನುವ ಪದಾರ್ಥಗಳಲ್ಲದೆ ಸೀಗೆಕಾಯಿ ಪುಡಿ, ಅಂಟುವಾಳ, ಬೇವಿನ ಎಣ್ಣೆಯ ಸಾಬೂನು ಮುಂತಾದ ಗೃಹೋಪಯೋಗಿ ವಸ್ತುಗಳಿಗೂ ಗಿರಾಕಿಯುಂಟು. ನಮ್ಮ ಅಜ್ಜಿಯರು ಅಟ್ಟದ ಮೇಲೆ ಮಡಕೆಯಲ್ಲಿ ತುಂಬಿಡುತ್ತಿದ್ದುದೇ ಇಂದು ಅಂದವಾದ ಪೊಟ್ಟಣದಲ್ಲಿ ಕುಳಿತು ಬೆಲೆ ಹೇಳುತ್ತಿರುವುದು ಸ್ವಲ್ಪ ವಿನೋದದ ಸಂಗತಿಯೇ ಸರಿ. ಕರ್ನಾಟಕ ಸರ್ಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. 2017 ಮತ್ತು 2018ರಲ್ಲಿ ಬೆಂಗಳೂರಿನಲ್ಲಿ ಸಾವಯವ ಹಾಗೂ ಸಿರಿಧಾನ್ಯಗಳ ದೊಡ್ಡ ಮೇಳಗಳು ನಡೆದವು.

ಗಿರಾಕಿ ಇದ್ದಾನೆಂದ ಮಾತ್ರಕ್ಕೆ ನಮ್ಮ ಭೂಮಾಲೀಕರು ಇಡೀ ಜಮೀನನ್ನು ಒಮ್ಮೆಗೇ ತಿರುಗಿಸುವುದು ಉಚಿತವಲ್ಲ. ಮೊದಲು ಗೊಬ್ಬರದ ಲೆಕ್ಕವನ್ನು ನೋಡತಕ್ಕದ್ದು. 45 ಕಿಲೋಗ್ರಾಂ ಯೂರಿಯಾ ಮೂಟೆಯಲ್ಲಿ ಸುಮಾರು 20 ಕಿಲೋಗ್ರಾಂ ಸಾರಜನಕವಿರುತ್ತದೆ. ಸಾಧಾರಣವಾದ ಕೊಟ್ಟಿಗೆ ಗೊಬ್ಬರದ ಒಂದು ಟನ್ನಿನಲ್ಲಿರುವುದು ಸುಮಾರು 5 ಕಿಲೋಗ್ರಾಂ ಮಾತ್ರ. ಅಂದರೆ ಒಂದು ಮೂಟೆಗೆ ಬದಲಾಗಿ ನಾಲ್ಕು ಟನ್ ಗೊಬ್ಬರ ಬೇಕು. ಅದೂ ಒಮ್ಮೆಗೇ ಪೈರಿಗೆ ಸಿಕ್ಕದೆ ನಿಧಾನವಾಗಿ ಸಿಕ್ಕುವಂಥದು. ಟ್ರ್ಯಾಕ್ಟರು ಬಂದು ಎತ್ತುಗಳು ಹೋದ ಮನೆಗಳಲ್ಲಿ ಇಷ್ಟು ಗೊಬ್ಬರವನ್ನು ಎಲ್ಲಿಂದ ತರುವುದು? ಬೇವಿನ ಹಿಂಡಿ, ಹೊಂಗೆ ಹಿಂಡಿ, ಬದುವಿನ ಮೇಲಿನ ಗ್ಲಿರಿಸಿಡಿಯಾ ಸೊಪ್ಪು, ಬಿತ್ತಿ ಮಗುಚುವ ಸೆಣಬು, ಇವೆಲ್ಲವೂ ಸೇರಿದರೆ ಮಾತ್ರ ಲೆಕ್ಕವು ಕೂಡುತ್ತದೆ. ವರ್ತೂರಿನ ಸೀಮೆಯವರಾದ, 2019ರಲ್ಲಿ ದಿವಂಗತರಾದ ಎಲ್. ನಾರಾಯಣ ರೆಡ್ಡಿಯವರು ರಾಸಾಯನಿಕ ಬೇಸಾಯವನ್ನು ತಾವೇ ಮಾಡಿ ನೋಡಿದ ಬಳಿಕ ಅದನ್ನು ಬಿಟ್ಟು ಸಾವಯವ ಬೇಸಾಯವನ್ನು ಹಿಡಿದು, ನೋಡಬಂದ ರೈತರಿಗೆಲ್ಲ ಅದನ್ನೇ ಕಲಿಸಿದರು.

ಗೊಬ್ಬರವನ್ನು ಮಾಡುವ ವಿದ್ಯೆಯು ನಮಗೆ ಹೊರಗಿನಿಂದ ಬರಬೇಕಾದುದಲ್ಲ. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಅವರು ರೂಪಿಸಿದ ಪದ್ಧತಿಯಲ್ಲಿ ರಾಶಿಯನ್ನು ಆಗಾಗ್ಗೆ ತಿರುವಿಹಾಕಬೇಕು. ಆಳುಗಳ ಖರ್ಚು ಹೆಚ್ಚು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಸಿ. ಎನ್. ಆಚಾರ್ಯರು ಕಂಡುಹಿಡಿದುದಕ್ಕೆ ಬೆಂಗಳೂರು ಪದ್ಧತಿಯೆಂದೇ ಹೆಸರು. ಇದರಲ್ಲಿ ಗುಂಡಿಯೊಳಗೆ ಪದರ ಪದರವಾಗಿ ತುಂಬಿ ಮಣ್ಣಿನಿಂದ ಮೆತ್ತಿ ಮುಚ್ಚಿಬಿಡುವುದು. ತಿರುವುವ ಕೆಲಸವಿಲ್ಲ, ನೀರೂ ಕಡಮೆ ಸಾಕು, ಆದರೆ ಆರು ತಿಂಗಳಾದರೂ ಕಾಯಬೇಕು. ಆ ಪದ್ಧತಿಯು ಪಟ್ಟಣದ ಕಸವನ್ನೂ ಮಲವನ್ನೂ ಉದ್ದೇಶಿಸಿ ಹುಟ್ಟಿತು. ಸಾವಯವ ಬೆಳೆಗೆ ಹಸಿ ಕಸ, ಸಗಣಿ, ಸೊಪ್ಪುಗಳಿಂದಲೇ ಗುಂಡಿಯನ್ನು ತುಂಬತಕ್ಕದ್ದು. ಬೇರ್ಪಡಿಸದ ಪಟ್ಟಣದ ಕಸವನ್ನು ಅಗ್ಗವೆಂದು ಲಾರಿಯಲ್ಲಿ ತರಿಸಿ ಹೊಲಕ್ಕೆ ಸುರಿದರೆ ಗಾಜು, ಪ್ಲಾಸ್ಟಿಕ್ಕು, ಬ್ಯಾಟರಿಯ ಸೀಸಗಳೂ ಸೇರಿ ಭೂಮಿಯು ಬಹುಕಾಲ ಕೆಡುತ್ತದೆ.

ಇನ್ನು ಪ್ರಮಾಣಪತ್ರದ ವಿಷಯ. 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಮೇರೆಗೆ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ ಬಿತ್ತನೆಗೆ ಮುಂಚೆ ಎರಡು ವರ್ಷ, ಮಾವು ತೆಂಗುಗಳಂತಹ ಬಹುವಾರ್ಷಿಕಗಳಿಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಕಾಲವೆಂದು ಗೊತ್ತುಮಾಡಿದೆ. ಕಷ್ಟವೆಲ್ಲ ಇರುವುದು ಇಲ್ಲಿಯೇ. ಈ ಅವಧಿಯಲ್ಲಿ ಇಳುವರಿಯು ತಗ್ಗಬಹುದು. ಮಾಲನ್ನು ಸಾವಯವವೆಂದು ಹೇಳಿ ಮಾರುವಂತೆಯೂ ಇಲ್ಲ. ಸಾಲ ಮಾಡಿ ಬೇಸಾಯ ಮಾಡುವವನಿಗೆ ಇದು ಸಣ್ಣ ಮಾತಲ್ಲ. ಒಂದೆರಡು ಎಕರೆಯಿಂದ ಆರಂಭಿಸಿರೆಂದು ನಾವು ಹೇಳುವುದು ಈ ಕಾರಣದಿಂದಲೇ.

ಗ್ರಾಮದ ಮುಖಂಡರಿಂದ ಆಗಬೇಕಾದ ಕೆಲಸವೊಂದುಂಟು. ನೆರೆಹೊಲದವನು ಸಿಂಪಡಿಸಿದ ಔಷಧಿಯು ಗಾಳಿಯಲ್ಲಿ ಬದುವನ್ನು ದಾಟಿ ಬಂದರೆ ಒಬ್ಬನೇ ಪಟ್ಟ ಶ್ರಮವು ವ್ಯರ್ಥ. ಒತ್ತಾಗಿರುವ ಹೊಲಗಳ ಯಜಮಾನರನ್ನು ಒಂದೆಡೆ ಕೂರಿಸಿ ಒಪ್ಪಿಸಲು ಊರಿನ ಹಿರಿಯರಿಗೆ ಸಾಧ್ಯವೇ ಹೊರತು ಹೊರಗಿನ ಅಧಿಕಾರಿಗಳಿಗಲ್ಲ. ಕನಿಷ್ಠ ಐದು ಮಂದಿ ರೈತರು ಗುಂಪಾಗಿ ಸೇರಿ ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ದೃಢೀಕರಿಸಿಕೊಳ್ಳುವ ಸಹಭಾಗಿ ಖಾತರಿ ಪದ್ಧತಿಯೂ ಉಂಟು. ಇದಕ್ಕೆ ವೆಚ್ಚ ಕಡಮೆ. ವರ್ಷಕ್ಕೆ 12 ಲಕ್ಷ ರೂಪಾಯಿಗೆ ಮೀರದ ವಹಿವಾಟಿನ ಸಣ್ಣ ಬೆಳೆಗಾರನು ತಿನ್ನುವವನಿಗೇ ನೇರವಾಗಿ ಮಾರುವುದಾದರೆ ಪ್ರಮಾಣಪತ್ರದಿಂದ ವಿನಾಯಿತಿಯಿದೆ. ಆದರೆ ಅಧಿಕೃತ ಸಾವಯವ ಮುದ್ರೆಯನ್ನು ಅವನು ಬಳಸಕೂಡದು. ಗುಂಪಿನಲ್ಲೊಬ್ಬನು ಸಂತೆಯ ಮಾಲನ್ನು ಒಂದು ಚೀಲ ಬೆರೆಸಿದರೂ ಅಂಗಡಿಯವರು ಐವರ ಮಾಲನ್ನೂ ಹಿಂದಿರುಗಿಸುವರು.

ಸಾವಯವಕ್ಕೆ ಬಿಡುವ ಜಮೀನಿನ ಸರ್ವೆ ನಂಬರು, ನಕ್ಷೆ, ಹಿಂದಿನ ವರ್ಷಗಳಲ್ಲಿ ಅಲ್ಲಿ ಹಾಕಿದ ಬೆಳೆ, ಗೊಬ್ಬರ ಹಾಗೂ ಔಷಧಿಗಳ ವಿವರವನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು ಮುಂಗಾರು ಬಿತ್ತನೆಗೆ ಮುಂಚೆಯೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.