ಪ್ರಾರ್ಥನೆ, ಪ್ರಯೋಗಾಲಯ ಮತ್ತು ಅಣ್ಣನ ಸಾವು

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯ. ಪೆಟ್ಟಿಗೆಯೊಳಗಿನ ಇಲಿ ಒಂದು ಸನ್ನೆಯನ್ನು ಒತ್ತಿದರೆ ಎನ್ಶೂರ್ ಎಂಬ ಸಿಹಿ ಪಾನೀಯದ ಹನಿ ಸಿಗುತ್ತದೆ. ಕೆಲವೊಮ್ಮೆ ಕಾಲಿಗೆ ಶಾಕ್ ಹೊಡೆಯುತ್ತದೆ. ಶಾಕ್ ತಗುಲಿದ ಕೂಡಲೇ ಕೆಲವು ಇಲಿಗಳು ಸನ್ನೆಯ ತಂಟೆಗೆ ಹೋಗುವುದನ್ನೇ ಬಿಡುತ್ತವೆ. ಇನ್ನು ಕೆಲವು ನಾಲ್ಕಾರು ಸಲ ಅನುಭವಿಸಿ ಹಿಂದೆ ಸರಿಯುತ್ತವೆ. ಮೂರನೆಯ ಗುಂಪಿನವು ಮಾತ್ರ ಎಷ್ಟು ನೋವಾದರೂ ಒತ್ತುತ್ತಲೇ ಇರುತ್ತವೆ. ಈ ಇಲಿಗಳ ಮೇಲೆ ಸಂಶೋಧನೆ ನಡೆಸುವ ಗಿಫ್ಟಿಗೆ ಅವುಗಳಲ್ಲಿ ಕಾಣುವುದು, ಹೆರಾಯಿನ್‌ಗೆ ಬಲಿಯಾದ ಅವಳ ಅಣ್ಣ ನಾನಾ.

ಗಿಫ್ಟಿ, ಯಾ ಜ್ಯಾಸಿ ಅವರ 2020ರ ಕಾದಂಬರಿ ‘ಟ್ರಾನ್ಸೆಂಡೆಂಟ್ ಕಿಂಗ್‌ಡಮ್’ನ ನಾಯಕಿ. ಜ್ಯಾಸಿ 1989ರಲ್ಲಿ ಘಾನಾದಲ್ಲಿ ಹುಟ್ಟಿ, ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಬೆಳೆದವರು. ಕಾದಂಬರಿಯ ಕುಟುಂಬವೂ ಘಾನಾದಿಂದ ಅದೇ ಊರಿಗೆ ಬಂದು ನೆಲೆಸುತ್ತದೆ. ತಾಯಿ ವೃದ್ಧರ ಆರೈಕೆ ಮಾಡಿ ಮನೆ ನಡೆಸುತ್ತಾಳೆ. ಎತ್ತರದ ಕಪ್ಪು ಗಂಡಸೆಂಬ ಕಾರಣಕ್ಕೇ ಅಂಗಡಿಗಳಲ್ಲಿ ಕಳ್ಳನಂತೆ ಶಂಕೆಗೆ ಗುರಿಯಾಗುವ ತಂದೆ ಕುಗ್ಗಿಹೋಗುತ್ತಾನೆ. ಘಾನಾಕ್ಕೆ ಹೋದವನು ಮತ್ತೆ ಬರುವುದೇ ಇಲ್ಲ. ತಾಯಿಗೆ ಉಳಿಯುವುದು ಇಬ್ಬರು ಮಕ್ಕಳು ಮತ್ತು ಬಿಳಿಯರೇ ತುಂಬಿದ ಒಂದು ಚರ್ಚ್.

ನಾನಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಮಿಂಚುವಾಗ ಇಡೀ ಊರೇ ಅವನದು. ಆಟದಲ್ಲಿ ಕಾಲುಗಂಟಿಗೆ ಪೆಟ್ಟಾಗಿ, ವೈದ್ಯರು ನೋವಿಗೆ ಆಕ್ಸಿಕಾಂಟಿನ್ ಮಾತ್ರೆ ಬರೆದುಕೊಡುತ್ತಾರೆ. ಮಾತ್ರೆ ಚಟವಾಗುತ್ತದೆ, ಚಟ ಹೆರಾಯಿನ್‌ಗೆ ಒಯ್ಯುತ್ತದೆ. ಆಗ ಚರ್ಚಿನವರೇ, ಆ ಜನವೇ ಅಂಥದ್ದು ಎಂಬಂತೆ ಪಿಸುಗುಟ್ಟುವುದು ಪುಟ್ಟ ಗಿಫ್ಟಿಯ ಕಿವಿಗೆ ಬೀಳುತ್ತದೆ. ದೇವರಿಗೆಂದೇ ದಿನಚರಿ ಬರೆಯುತ್ತಿದ್ದ ಹುಡುಗಿ ಅವಳು. ಅವಳ ನಂಬಿಕೆಗೆ ವಿಜ್ಞಾನಕ್ಕಿಂತ ಮೊದಲು ಪೆಟ್ಟು ಕೊಟ್ಟದ್ದು ಭಕ್ತರ ಈ ಮಾತು ಮತ್ತು ಅಣ್ಣನ ಸಾವು. ಇದನ್ನು ಗಮನಿಸದೆ ಈ ಕಥೆಯನ್ನು ‘ಧರ್ಮ ಎದುರು ವಿಜ್ಞಾನ’ ಎಂದು ಓದುವುದು ತಪ್ಪು.

ನಾನಾನ ಕಥೆ ಕಲ್ಪಿತ, ಅದರ ಹಿನ್ನೆಲೆ ಅಲ್ಲ. ಪರ್ಡ್ಯೂ ಫಾರ್ಮಾ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಅನ್ನು ಮಾರುಕಟ್ಟೆಗೆ ತಂದಿತು. ಚಟ ಹಿಡಿಯುವ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. ಈ ಪ್ರಚಾರದ ಸಂಬಂಧ 2007ರಲ್ಲಿ ಕಂಪನಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಸುಮಾರು 60 ಕೋಟಿ ಡಾಲರ್ ತೆರಲು ಒಪ್ಪಿತು. 2021ರ ಒಂದೇ ವರ್ಷದಲ್ಲಿ ಅಮೆರಿಕದಲ್ಲಿ ಮಾದಕವಸ್ತುಗಳ ಅತಿಸೇವನೆಯಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು.

ಗಿಫ್ಟಿ ಬಳಸುವ ತಂತ್ರವೂ ನಿಜವಾದದ್ದೇ. ಅದರ ಹೆಸರು ಆಪ್ಟೊಜೆನೆಟಿಕ್ಸ್. ಹಸಿರು ಪಾಚಿಯೊಂದರಲ್ಲಿ ಬೆಳಕಿಗೆ ಸ್ಪಂದಿಸುವ ಪ್ರೋಟೀನ್ ಇದೆ. ಅದರ ಜೀನನ್ನು ನರಕೋಶಗಳಿಗೆ ಸೇರಿಸಿದರೆ, ಬೆಳಕು ಹಾಯಿಸಿ ಆ ಕೋಶಗಳನ್ನು ಚುರುಕುಗೊಳಿಸಬಹುದು. ಸ್ಟ್ಯಾನ್‌ಫರ್ಡ್‌ನ ಕಾರ್ಲ್ ಡೈಸರಾತ್ ಮತ್ತು ಸಂಗಡಿಗರು ಇದನ್ನು 2005ರಲ್ಲಿ ಪ್ರಕಟಿಸಿದರು. ಯಾವ ನರಕೋಶ ‘ಸಾಕು, ನಿಲ್ಲಿಸು’ ಎನ್ನುತ್ತದೆ ಎಂದು ಹುಡುಕುವ ದಾರಿ ಇದರಿಂದ ತೆರೆಯಿತು. ವ್ಯಸನ ಬರೀ ಮನೋದೌರ್ಬಲ್ಯ ಅಲ್ಲ, ಮೆದುಳಿಗೂ ಅದರಲ್ಲಿ ಪಾಲಿದೆ ಎಂದು ವಿಜ್ಞಾನ ತೋರಿಸಿದ್ದು ನೊಂದ ಮನೆಗಳಿಗೆ ಮಾಡಿದ ದೊಡ್ಡ ಉಪಕಾರ. ಆದರೆ ‘ನನ್ನ ಅಣ್ಣನಿಗೇ ಏಕೆ ಹೀಗಾಯಿತು’ ಎಂದು ಅಳುವ ತಂಗಿಗೆ ಇಲಿಯ ಮೆದುಳು ಉತ್ತರ ಕೊಡಲಾರದು. ಪ್ರಯೋಗಾಲಯದಲ್ಲೂ ಗಿಫ್ಟಿಗೆ ಬೈಬಲ್ಲಿನ ಮಾತುಗಳು ನೆನಪಾಗುವುದು ಅದಕ್ಕೇ. ಆದರೂ ತಾನು ಚರ್ಚಿನಲ್ಲಿ ಬೆಳೆದವಳೆಂದು ಸಹೋದ್ಯೋಗಿಗಳ ಮುಂದೆ ಹೇಳಲು ಅವಳಿಗೆ ಸಂಕೋಚ.

ತಾಯಿಯ ಪಾಡು ಇನ್ನೂ ಕಠಿಣ. ಮಗ ಹೋದ ಮೇಲೆ ಖಿನ್ನತೆಗೆ ಬಿದ್ದವಳು, ವರ್ಷಗಳ ನಂತರ ಮತ್ತೆ ಹಾಸಿಗೆ ಹಿಡಿದು ಮಗಳ ಮನೆಗೆ ಬರುತ್ತಾಳೆ. ಮನೋರೋಗವೆಂಬುದೆಲ್ಲ ಪಶ್ಚಿಮದವರ ಕಲ್ಪನೆ ಎಂಬುದು ಅವಳ ನಂಬಿಕೆ. ಪ್ರಾರ್ಥನೆ ಸಾಕು ಎನ್ನುವ ತಾಯಿ ಮತ್ತು ಮೆದುಳನ್ನೇ ಓದಿದ ಮಗಳು ಒಂದೇ ಮನೆಯಲ್ಲಿದ್ದೂ ನಾನಾನ ಬಗ್ಗೆ ಬಾಯಿ ಬಿಟ್ಟು ಮಾತಾಡಲಾರರು. ದೇವರನ್ನು ನಂಬುವವರು ಮನೋವೈದ್ಯರ ಬಳಿ ಹೋಗಬಾರದೆಂದೇನಿಲ್ಲ. ಔಷಧಿ ತೆಗೆದುಕೊಳ್ಳುವವರು ದೇವರ ಮುಂದೆ ಕೂತು ಅಳಬಾರದೆಂದೂ ಇಲ್ಲ. ಈ ಮನೆಯನ್ನು ತಿಂದುಹಾಕಿದ್ದು ನಾಚಿಕೆ ಮತ್ತು ಮೌನ.

ನಮ್ಮ ಮನೆಗಳಲ್ಲೂ ಮಗನ ಚಟ, ತಾಯಿಯ ಖಿನ್ನತೆ ಹೊರಗೆ ಗೊತ್ತಾಗಬಾರದ ಗುಟ್ಟಾಗಿಯೇ ಉಳಿಯುತ್ತವೆ. ಹರಕೆ ಹೊರುವವರು ಹೊರಲಿ, ಜೊತೆಗೆ ಒಂದು ಫೋನ್ ಕೂಡ ಮಾಡಲಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.