ಆಟಿಸಂ ‘ವಾಸಿ’ ಆಗುತ್ತಾ? ದುಡ್ಡು ಸುರಿಯುವ ಮುನ್ನ ಇದನ್ನು ತಿಳಿಯಿರಿ

ಮಗುವಿಗೆ ಎರಡೂವರೆ ವರ್ಷ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲ್ಲ, ಆಟದ ಕಾರಿನ ಚಕ್ರವನ್ನಷ್ಟೇ ತಿರುಗಿಸುತ್ತಾ ಕೂರುತ್ತೆ. ‘ಅವರಪ್ಪನಿಗೂ ಮಾತು ತಡವಾಗೇ ಬಂದಿದ್ದು’ ಅಂತ ಅಜ್ಜಿ ಸಮಾಧಾನ ಹೇಳುತ್ತಾರೆ. ಕೊನೆಗೆ ಡಾಕ್ಟರು ‘ಆಟಿಸಂ’ ಅಂದಾಗ ಹೆತ್ತವರು ಕೇಳುವ ಮೊದಲ ಪ್ರಶ್ನೆ: ಇದು ವಾಸಿ ಆಗುತ್ತಾ?

ಆಟಿಸಂ ಜ್ವರದ ಹಾಗೆ ಬಂದು ಹೋಗುವ ಕಾಯಿಲೆಯಲ್ಲ. ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಅದನ್ನು ಗುಣಪಡಿಸುವ ಔಷಧ ಇವತ್ತಿಗೂ ಇಲ್ಲ. ಆದರೂ ಕೆಲವು ಮಕ್ಕಳು ‘ಹೊರಗೆ ಬಂದರು’ ಎಂಬ ಮಾತು ಬಂದಿದ್ದೆಲ್ಲಿಂದ?

ಚರ್ಚೆಯ ಮೂಲ

1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಐವರ್ ಲೋವಾಸ್, ವಾರಕ್ಕೆ ಸುಮಾರು 40 ಗಂಟೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಉಳಿದ ಮಕ್ಕಳಂತೆಯೇ ಆದರು ಎಂದು ವರದಿ ಮಾಡಿದರು. ಮಕ್ಕಳನ್ನು ಗುಂಪುಗಳಿಗೆ ಹಂಚಿದ ರೀತಿ ಸರಿಯಿಲ್ಲ, ತರಬೇತಿಯಲ್ಲಿ ಶಿಕ್ಷೆಯನ್ನೂ ಬಳಸಿದ್ದರು ಎಂಬ ಟೀಕೆ ಬಂತು.

2013ರಲ್ಲಿ ಡೆಬೊರಾ ಫೈನ್ ಅವರ ತಂಡ, ಚಿಕ್ಕಂದಿನಲ್ಲಿ ಆಟಿಸಂ ಇದ್ದು ಮುಂದೆ ಅದರ ಲಕ್ಷಣ ಕಾಣದ 34 ಮಂದಿಯನ್ನು ದಾಖಲಿಸಿತು. 2023ರಲ್ಲಿ ಬಾಸ್ಟನ್‌ನ ಅಧ್ಯಯನವೊಂದರಲ್ಲಿ, ಮೂರು ವರ್ಷದೊಳಗೆ ಆಟಿಸಂ ಎಂದು ಗುರುತಿಸಿದ್ದ 213 ಮಕ್ಕಳ ಪೈಕಿ 79 ಮಕ್ಕಳು 5ರಿಂದ 7ನೇ ವಯಸ್ಸಿಗೆ ಆ ಮಾನದಂಡದಿಂದ ಹೊರಗಿದ್ದರು.

ಹಾಗಾದರೆ ವಾಸಿ ಆಯ್ತಲ್ಲ ಅಂತೀರಾ? ಇಲ್ಲೇ ಇರೋದು ತಕರಾರು. ಮಾನದಂಡ ದಾಟಿದ ಕೆಲವರಲ್ಲೂ ಆತಂಕ, ಗಮನ ನಿಲ್ಲದಿರುವಂಥ ತೊಂದರೆ ಉಳಿದಿರುತ್ತೆ. ಬಾಸ್ಟನ್ ಅಧ್ಯಯನದಲ್ಲಿ, ಊಟ, ಬಟ್ಟೆ, ಮಾತಿನಂಥ ದಿನನಿತ್ಯದ ಕೌಶಲ ಮೊದಲೇ ಚೆನ್ನಾಗಿದ್ದ ಮಕ್ಕಳೇ ಹೆಚ್ಚಾಗಿ ಹೊರಬಂದಿದ್ದು. ಹೆಚ್ಚು ಗಂಟೆ ಥೆರಪಿ ಕೊಡಿಸಿದ್ದೇ ಕಾರಣ ಎಂದು ಅದರಲ್ಲಿ ಕಂಡುಬರಲಿಲ್ಲ. ಅಂದರೆ, ನಿಮ್ಮ ಮಗು ಹಾಗೆ ಬದಲಾಗದಿದ್ದರೆ ಅದು ನಿಮ್ಮ ತಪ್ಪಲ್ಲ.

ಮೂರೂವರೆ ವರ್ಷದವರೆಗೂ ಮಾತಾಡದ ಅಮೆರಿಕದ ಟೆಂಪಲ್ ಗ್ರಾಂಡಿನ್, ಮುಂದೆ ಪಶುವಿಜ್ಞಾನದ ಪ್ರಾಧ್ಯಾಪಕಿಯಾದರು. ದನಗಳು ಬೆದರದಂತೆ ಸಾಗಿಸುವ ವ್ಯವಸ್ಥೆಗಳನ್ನು ರೂಪಿಸಿ ಹೆಸರಾದರು. ಆಟಿಸಂ ‘ಹೋಯ್ತು’ ಅಂತ ಅವರು ಹೇಳಿಕೊಳ್ಳಲ್ಲ. ಕಲಿಕೆಗೆ ಆಟಿಸಂ ಹೋಗಲೇಬೇಕೆಂದಿಲ್ಲ.

‘ಗ್ಯಾರಂಟಿ’ ಎಂದರೆ ಎಚ್ಚರ

ಸ್ಟೆಮ್ ಸೆಲ್ ಹಾಕಿದರೆ ಗುಣ ಎಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಆಟಿಸಂಗೆ ಇದು ಒಪ್ಪಿತ ಚಿಕಿತ್ಸೆಯಲ್ಲ. ಅನುಮತಿ ಪಡೆದ ಪ್ರಯೋಗದಲ್ಲಷ್ಟೇ ಬಳಸಬಹುದು. ಒಡವೆ ಅಡ ಇಡುವ ಮುಂಚೆ ಇದು ನೆನಪಿರಲಿ. ಲಸಿಕೆಯಿಂದ ಆಟಿಸಂ ಬರುತ್ತೆ ಅನ್ನೋದೂ ಸುಳ್ಳು. ಆ ಭಯ ಹಬ್ಬಿಸಿದ 1998ರ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಹಿಂಪಡೆಯಿತು.

ಮಾಡಬೇಕಾದ್ದೇನು?

* ಅನುಮಾನ ಬಂದ ಕೂಡಲೇ ಅಂಗನವಾಡಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಹೇಳಿ. ಆರ್‌ಬಿಎಸ್‌ಕೆ ಯೋಜನೆಯಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ತಪಾಸಣೆ ಉಚಿತ.
* ಹೆಚ್ಚಿನ ಪರೀಕ್ಷೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವೆ.
* 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು.
* ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ವೆಚ್ಚ ಸಿಗುತ್ತೆ. ಥೆರಪಿಯೂ ಅದರಲ್ಲಿದೆ.

‘ಯಾವಾಗ ವಾಸಿ ಆಗುತ್ತೆ’ ಅನ್ನೋ ಪ್ರಶ್ನೆಗೆ ಯಾರೂ ತಾರೀಕು ಕೊಡಲಾರರು. ‘ಈ ತಿಂಗಳು ಮಗು ಏನು ಕಲಿಯಬಹುದು’ ಅಂತ ಕೇಳಿ. ಅದಕ್ಕೆ ಉತ್ತರ ಇದೆ, ಅದನ್ನು ಇವತ್ತೇ ಶುರು ಮಾಡಬಹುದು.