ನಮ್ಮ ಹಾಲು ಹೋಗುವ ಊರು: ದಕ್ಷಿಣ ಬೆಂಗಳೂರಿನ ನೆಲ, ದುಡಿಮೆ, ಜನಜೀವನ



ದಿನವೂ ಬೆಳಗ್ಗೆ ಮತ್ತು ಸಂಜೆ ಕ್ಯಾನು ಹಿಡಿದು ಸಂಘದ ಬಾಗಿಲಲ್ಲಿ ಸರದಿ ನಿಲ್ಲುತ್ತೀರಿ. ಹಾಲು ಅಳೆಸಿ, ಜಿಡ್ಡಿನ ಪರೀಕ್ಷೆ ಮಾಡಿಸಿ, ಚೀಟಿ ಪಡೆದು ಮನೆಗೆ ಹಿಂತಿರುಗುತ್ತೀರಿ. ಆ ಹಾಲು ಟ್ಯಾಂಕರ್ ಏರಿ ಡೈರಿಗೆ ಹೋಗುತ್ತದೆ ಎಂಬುದು ನಿಮಗೆಲ್ಲ ತಿಳಿದ ವಿಷಯ. ಡೈರಿಯಿಂದ ಆಚೆಗೆ ಅದು ಯಾವ ಊರಿಗೆ, ಎಂಥವರ ಮನೆಗೆ ಹೋಗುತ್ತದೆ? ತನ್ನ ಸರಕನ್ನು ಕೊಳ್ಳುವವರು ಯಾರೆಂದು ತಿಳಿದ ಉತ್ಪಾದಕ ಮೋಸ ಹೋಗುವುದಿಲ್ಲ, ಮೋಸ ಮಾಡುವುದೂ ಇಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳು ಸೇರಿದ ದಕ್ಷಿಣ ಬೆಂಗಳೂರನ್ನು ನಿಮಗೆ ಪರಿಚಯಿಸುತ್ತಿದ್ದೇವೆ.

ಮೊದಲಿಗೇ ಒಂದು ಸ್ಪಷ್ಟನೆ. ರಾಮನಗರ ಜಿಲ್ಲೆಗೆ ಸರ್ಕಾರ 2025ರ ಮೇ ತಿಂಗಳಿನಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟಿತು. ಕನಕಪುರ, ಮಾಗಡಿ, ಚನ್ನಪಟ್ಟಣದ ಸದಸ್ಯರು ಈಗ ಆ ಜಿಲ್ಲೆಯವರು. ನಾವಿಲ್ಲಿ ಹೇಳುತ್ತಿರುವುದು ಆ ಜಿಲ್ಲೆಯ ಮಾತಲ್ಲ, ನಗರದೊಳಗಿನ ದಕ್ಷಿಣ ಭಾಗದ ಮಾತು. ಇವೆರಡಕ್ಕೂ ಇರುವ ನಂಟು ಹೆಸರಿಗಿಂತ ಹಳೆಯದು. ಅದನ್ನು ಮುಂದೆ ನೋಡೋಣ.

ನೆಲ ಮತ್ತು ನೀರು

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಲಾಲ್‌ಬಾಗಿನ ಬಂಡೆಯನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯ ಕಲ್ಲು. ಅದರ ಮೇಲೆ ಕೆಂಪೇಗೌಡರ ಗಡಿಗೋಪುರಗಳಲ್ಲಿ ಒಂದು ನಿಂತಿದೆ. ಅಂದರೆ ಆಗಿನ ಕಾಲಕ್ಕೆ ಊರಿನ ದಕ್ಷಿಣದ ಗಡಿ ಅದು. ಇಂದಿನ ಜಯನಗರ, ಬನಶಂಕರಿ ಎಲ್ಲವೂ ಆ ಗಡಿಯ ಆಚೆಗಿನ ಹೊಲಗಳು.

ನಗರದ ಮಧ್ಯೆ ಉತ್ತರ ದಕ್ಷಿಣವಾಗಿ ಒಂದು ದಿಣ್ಣೆ ಹಾದುಹೋಗಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ ಸೇರಿ, ಅಲ್ಲಿಂದ ಅರ್ಕಾವತಿಗೆ, ಕಡೆಗೆ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದ ಮಳೆ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಕೆರೆಗಳ ಸಾಲು ಹಿಡಿದು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದ್ದರಿಂದ ಹೊಳೆಗೆ ವೃಷಭಾವತಿ ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ.

ಈ ಭಾಗದಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿ ಇರಲಿಲ್ಲ. ಆದ್ದರಿಂದ ನಮ್ಮ ಹಿಂದಿನವರು ಕೆರೆ ಕಟ್ಟಿದರು. ಊರ ಹೆಸರುಗಳೇ ಇದಕ್ಕೆ ಸಾಕ್ಷಿ. ಭೈರಸಂದ್ರ, ಚಿಕ್ಕಲ್ಲಸಂದ್ರ ಮುಂತಾದ ಹೆಸರುಗಳ ಕೊನೆಯ ‘ಸಂದ್ರ’ ಎಂದರೆ ಸಮುದ್ರ, ಅಂದರೆ ದೊಡ್ಡ ಕೆರೆ. ಬನಶಂಕರಿಯಲ್ಲಿ ಬಸ್ಸಿನ ಬೋರ್ಡಿನ ಮೇಲೆ ಇಂದಿಗೂ ‘ಚನ್ನಮ್ಮನಕೆರೆ ಅಚ್ಚುಕಟ್ಟು’ ಎಂದು ಬರೆದಿರುತ್ತದೆ. ಅಚ್ಚುಕಟ್ಟು ಎಂದರೇನೆಂದು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗದ್ದೆ ಹೋಗಿ ಎಷ್ಟೋ ವರ್ಷಗಳಾದವು, ಹೆಸರು ಮಾತ್ರ ಉಳಿಯಿತು.

ಹಳ್ಳಿಗಳು ಬಡಾವಣೆಗಳಾದ ಬಗೆ

ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿತ್ತು. ಆಗ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರೇ ಬಂದು ಅದನ್ನು ನೆರವೇರಿಸಿದರು. 1945ರಲ್ಲಿ ಆರಂಭವಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ, ಅದರ ನಂತರ 1976ರಲ್ಲಿ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಒಂದಾದ ಮೇಲೊಂದು ಬಡಾವಣೆ ರಚಿಸುತ್ತಾ ಹೋದವು. ಲೋಕನಾಯಕ ಜಯಪ್ರಕಾಶ ನಾರಾಯಣರ ಹೆಸರಿನಲ್ಲಿ ಜೆ.ಪಿ. ನಗರವಾಯಿತು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳು ಯಾವುದೋ ಕಂಪನಿಯ ಹೆಸರಲ್ಲ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳು. ಕತ್ತರಿಗುಪ್ಪೆ, ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ, ಜರಗನಹಳ್ಳಿ ಇವೆಲ್ಲವೂ ನಿಮ್ಮ ಊರಿನಂತೆಯೇ ರಾಗಿ, ಅವರೆ ಬೆಳೆದು ದನ ಕಟ್ಟಿದ್ದ ಹಳ್ಳಿಗಳು.

ಹಳ್ಳಿಯ ಕುರುಹು ಪೂರ್ತಿ ಅಳಿಸಿಲ್ಲ. ನೇರ ರಸ್ತೆಗಳ ನಡುವೆ ಎಲ್ಲಿ ಬೀದಿ ಕಿರಿದಾಗಿ ಡೊಂಕಾಗುತ್ತದೋ ಅಲ್ಲಿ ಹಳೆಯ ಊರು ಇದೆಯೆಂದು ತಿಳಿಯಬಹುದು. ಅಂಥ ಬೀದಿಗಳಲ್ಲಿ ಗ್ರಾಮದೇವತೆಯ ಗುಡಿ, ಅರಳೀಕಟ್ಟೆ, ಎಲ್ಲೋ ಒಂದೆರಡು ಮನೆಯಲ್ಲಿ ಕಟ್ಟಿದ ಸೀಮೆಹಸು ಇಂದಿಗೂ ಕಾಣಸಿಗುತ್ತವೆ. ಸಂಕ್ರಾಂತಿಯಂದು ಅಲ್ಲಿಯೂ ರಾಸುಗಳಿಗೆ ಕಿಚ್ಚು ಹಾಯಿಸುತ್ತಾರೆ.

ದುಡಿಮೆ ಮತ್ತು ವ್ಯಾಪಾರ

ಹೈನುಗಾರಿಕೆಯ ಇತಿಹಾಸದಲ್ಲಿ ಈ ಪ್ರದೇಶಕ್ಕೆ ದೊಡ್ಡ ಸ್ಥಾನವಿದೆ. 1923ರಲ್ಲಿ ಆಡುಗೋಡಿಯಲ್ಲಿ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಆರಂಭವಾಯಿತು. 1927ರಲ್ಲಿ ಮಹಾತ್ಮ ಗಾಂಧೀಜಿಯವರು ಪಂಡಿತ ಮದನಮೋಹನ ಮಾಳವೀಯರೊಂದಿಗೆ ಇಲ್ಲಿಗೆ ಬಂದು, ಹಸು ಸಾಕುವ ಕ್ರಮವನ್ನು ವಿದ್ಯಾರ್ಥಿಗಳಂತೆ ಕೇಳಿ ತಿಳಿದುಕೊಂಡರು. ಆ ಸಂಸ್ಥೆಯೇ 1955ರಲ್ಲಿ ಕರ್ನಾಲಿಗೆ ಹೋಗಿ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಾಯಿತು. ದಕ್ಷಿಣ ಪ್ರಾದೇಶಿಕ ಕೇಂದ್ರ ಆಡುಗೋಡಿಯಲ್ಲೇ ಉಳಿದಿದೆ. ರಾಸುಗಳ ಆಹಾರದ ಬಗ್ಗೆ ಸಂಶೋಧನೆ ನಡೆಸುವ ರಾಷ್ಟ್ರೀಯ ಸಂಸ್ಥೆಯೂ ಅದರ ನೆರೆಯಲ್ಲೇ ಇದೆ.

ಯುನಿಸೆಫ್ ನೆರವಿನಿಂದ ಕಟ್ಟಿದ ಬೆಂಗಳೂರು ಡೈರಿಯನ್ನು 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಉದ್ಘಾಟಿಸಿದರು. ಆ ವೃತ್ತಕ್ಕೆ ‘ಡೈರಿ ಸರ್ಕಲ್’ ಎಂಬ ಹೆಸರೇ ನಿಂತಿತು. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ, 1984ರಲ್ಲಿ ಹಾಲು ಮಹಾಮಂಡಳಿ ಬಂದು, ಹಳ್ಳಿಯ ಸಂಘ, ಜಿಲ್ಲೆಯ ಒಕ್ಕೂಟ, ರಾಜ್ಯದ ಮಂಡಳಿ ಎಂಬ ಮೂರು ಹಂತದ ವ್ಯವಸ್ಥೆ ಬೆಳೆಯಿತು.

ಡೈರಿಯ ಸುತ್ತಮುತ್ತ ಕಿದ್ವಾಯಿ, ನಿಮ್ಹಾನ್ಸ್, ಜಯದೇವ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳಿವೆ. ಅಲ್ಲಿ ಮಲಗಿರುವ ರೋಗಿಗೂ ಮಗುವಿಗೂ ಹಾಲೇ ಆಹಾರ ಎಂಬುದನ್ನು ನಾವು ಮರೆಯಬಾರದು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೂವು, ಹಣ್ಣು, ಬಟ್ಟೆಯ ವ್ಯಾಪಾರ. ಬಿ.ಟಿ.ಎಂ. ಬಡಾವಣೆಯಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗೆ ದುಡಿಯುವ ಯುವಕ ಯುವತಿಯರು ತಂಗುವ ಪಿ.ಜಿ.ಗಳು. 2017ರಲ್ಲಿ ಬನಶಂಕರಿಗೆ ಮೆಟ್ರೊ ರೈಲು ಬಂತು. 2025ರ ಆಗಸ್ಟ್‌ನಲ್ಲಿ ಜಯದೇವ, ಬಿ.ಟಿ.ಎಂ. ಮೂಲಕ ಬೊಮ್ಮಸಂದ್ರದವರೆಗೆ ಇನ್ನೊಂದು ಮಾರ್ಗ ತೆರೆಯಿತು. ರಸ್ತೆ, ರೈಲು ಬಂದಲ್ಲಿ ಜಮೀನಿನ ಬೆಲೆ ಏರುತ್ತದೆ, ಮೇವಿನ ಹೊಲ ನಿವೇಶನವಾಗುತ್ತದೆ. ಆನೇಕಲ್ ಮತ್ತು ಕನಕಪುರ ರಸ್ತೆಯ ಸದಸ್ಯರು ಇದನ್ನು ಕಣ್ಣಾರೆ ಕಾಣುತ್ತಿದ್ದೀರಿ.

ಜನ, ಹಬ್ಬ, ಊಟ

ಇಲ್ಲಿ ಎಲ್ಲ ಬಗೆಯ ಜನರೂ ಇದ್ದಾರೆ. ಜಯನಗರದ ಹಳೆಯ ಮನೆಗಳಲ್ಲಿ ಬೆಳಗಾಗುವುದೇ ಫಿಲ್ಟರ್ ಕಾಫಿಯಿಂದ, ಊಟ ಮುಗಿಯುವುದು ಮೊಸರನ್ನದಿಂದ. ಬಿ.ಟಿ.ಎಂ.ನಲ್ಲಿ ತಮಿಳು, ತೆಲುಗು, ಮಲಯಾಳಂ, ಹಿಂದಿ, ಬಂಗಾಳಿ, ಒಡಿಯಾ ಎಲ್ಲವೂ ಕಿವಿಗೆ ಬೀಳುತ್ತವೆ. ಅವರಿಗೆ ಅರ್ಧ ಲೀಟರ್ ಪ್ಯಾಕೆಟ್, ಚಹಾ, ಪನೀರ್ ಬೇಕು. ಮಾತು ಬೇರೆಯಾದರೂ ಬೆಳಗಿನ ಜಾವ ಎಲ್ಲರೂ ಕೈಚಾಚುವುದು ಒಂದೇ ಹಾಲಿನ ಪ್ಯಾಕೆಟ್ಟಿಗೆ.

ಕನಕಪುರ ರಸ್ತೆಯ ಬನಶಂಕರಿ ದೇವಾಲಯವನ್ನು 1915ರಲ್ಲಿ ಸೋಮಣ್ಣ ಶೆಟ್ಟರೆಂಬ ಭಕ್ತರು ಕಟ್ಟಿಸಿದರು. ಮೂಲ ಬನಶಂಕರಿ ಬಾದಾಮಿಯ ತಾಯಿ. ಎಲ್ಲರೂ ಶುಭಕಾರ್ಯಕ್ಕೆ ಬಿಡುವ ರಾಹುಕಾಲದಲ್ಲೇ ಇಲ್ಲಿ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುತ್ತಾರೆ. ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ನಾಟಕಗಳು ನಡೆಯುತ್ತವೆ.

ರೈತರಿಗೆ ಹೆಚ್ಚು ಹತ್ತಿರವಾದದ್ದು ಪಕ್ಕದ ಬಸವನಗುಡಿಯ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಯ ಹೊಲಗಳಲ್ಲಿ ರಾತ್ರಿ ವೇಳೆ ಬಸವ ಬಂದು ಕಡಲೆಕಾಯಿ ಮೇಯುತ್ತಿದ್ದ, ರೈತರು ಮೊದಲ ಫಸಲನ್ನು ಅವನಿಗೇ ಒಪ್ಪಿಸುವ ಹರಕೆ ಹೊತ್ತರು ಎಂಬುದು ಪ್ರತೀತಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಈ ಪರಿಷೆ ಸೇರುತ್ತದೆ. ಹೊಲಗಳು ಹೋದರೂ ಹೊರಗಿನ ಜಿಲ್ಲೆಗಳ ರೈತರು ಚೀಲ ಹೊತ್ತು ಬರುವುದು ನಿಂತಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ನಮ್ಮದೇ ಎಂದು ನಾವು ತಿಳಿದ ಈ ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೊಲಿವಿಯಾ, ಅರ್ಜೆಂಟೀನಾ ಸೀಮೆಯದು. ನೀವು ಮೇವಿಗೆ ಬಿತ್ತುವ ಮುಸುಕಿನ ಜೋಳ ಮೆಕ್ಸಿಕೋದ್ದು. ಆಲೂಗೆಡ್ಡೆ ಪೆರು ದೇಶದ ಬೆಟ್ಟಗಳದ್ದು. ಇವೆಲ್ಲವೂ ಇಂದು ಸ್ಪ್ಯಾನಿಷ್ ಮಾತನಾಡುವ ನಾಡುಗಳು. ಅಲ್ಲಿಯ ರೈತರು ಸಾವಿರಾರು ವರ್ಷ ಆರಿಸಿ ಬೆಳೆಸಿದ ಬೀಜ ಸುಮಾರು 500 ವರ್ಷಗಳ ಹಿಂದೆ ಹಡಗು ಹತ್ತಿ ಹೊರಜಗತ್ತಿಗೆ ಬಂತು. ಇಂದು ಅದೇ ಕಡಲೆಕಾಯಿಯ ಹಿಂಡಿ ನಿಮ್ಮ ಹಸುವಿನ ಬಾನಿಯಲ್ಲಿದೆ.

ಹಾಲು ಮೇಲಕ್ಕೆ, ನೀರು ಕೆಳಕ್ಕೆ

ಈಗ ಮುಖ್ಯ ವಿಷಯಕ್ಕೆ ಬರೋಣ. ನಗರದವರು ಕುಡಿಯುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಯ ಪಂಪುಗಳ ಮೂಲಕ ಕನಕಪುರ ರಸ್ತೆಯ ದಿಕ್ಕಿನಿಂದಲೇ ಮೇಲೇರಿ ಬರುತ್ತದೆ. ಹಾಲೂ ಹಳ್ಳಿಯಿಂದ ಹಾಗೆಯೇ ಬರುತ್ತದೆ. ಬಳಸಿದ ಮೇಲೆ ನಗರ ತನ್ನ ಕೊಳೆನೀರನ್ನು ಕೆಳಗಿನ ಹಳ್ಳಿಗಳಿಗೆ ಬಿಡುತ್ತದೆ. ವೃಷಭಾವತಿ ಇಂದು ಹೊಳೆಯಾಗಿ ಉಳಿದಿಲ್ಲ, ಚರಂಡಿ ಮತ್ತು ಕಾರ್ಖಾನೆಗಳ ನೀರು ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿಯ ನೀರು ಮತ್ತು ಮಣ್ಣಿನಲ್ಲಿ ಭಾರ ಲೋಹಗಳಿರುವುದನ್ನು ಸಂಶೋಧಕರು ಕಂಡಿದ್ದಾರೆ. ಪೂರ್ವದ ಬೆಳ್ಳಂದೂರು ಕೆರೆಯಲ್ಲಿ ನೊರೆ ಉಕ್ಕಿ, 2015ರ ನಂತರ ಹಲವು ಸಲ ಬೆಂಕಿಯೇ ಹೊತ್ತಿಕೊಂಡಿತು.

ಇಂಥ ನೀರಿನಲ್ಲಿ ಬೆಳೆದ ಹಸಿರು ಮೇವನ್ನು ತಿಂದು ಹಸು ಹಾಲು ಕೊಡುತ್ತದೆ. ಆ ಹಾಲು ಮತ್ತೆ ನಗರಕ್ಕೇ ಹೋಗುತ್ತದೆ. ತಪ್ಪು ಹಳ್ಳಿಯ ರೈತನದಲ್ಲ, ಬೇರೆ ನೀರಿಲ್ಲದೆ ಅವನು ಅದನ್ನು ಬಳಸುತ್ತಾನೆ. ಆದರೆ ನಷ್ಟ ಅವನ ಹಸುವಿಗೂ ಅವನ ಮನೆಯ ಮಕ್ಕಳಿಗೂ ಮೊದಲು ತಟ್ಟುತ್ತದೆ. ಸರಿಪಡಿಸಲು ಸಾಧ್ಯವೇ ಇಲ್ಲವೆಂದೂ ಅಲ್ಲ. ಹೈಕೋರ್ಟಿನ ಆದೇಶದ ಮೇರೆಗೆ 2015ರ ಏಪ್ರಿಲ್‌ನಲ್ಲಿ ಜೆ.ಪಿ. ನಗರದ ಸಾರಕ್ಕಿ ಕೆರೆಯ ಒತ್ತುವರಿಯನ್ನು ತೆರವುಗೊಳಿಸಲಾಯಿತು. ಕೋರಮಂಗಲ ಚಲ್ಲಘಟ್ಟ ಕಣಿವೆಯ ನೀರನ್ನು ಶುದ್ಧೀಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ.

ನಾವು ಮಾಡಬೇಕಾದದ್ದು

1. ಕೊಳೆನೀರಿನ ಹಳ್ಳದಲ್ಲಿ ರಾಸುಗಳಿಗೆ ನೀರು ಕುಡಿಸಬೇಡಿ, ಮೈ ತೊಳೆಯಬೇಡಿ. ಹಾಲಿನ ಪಾತ್ರೆಗೆ ಶುದ್ಧ ನೀರನ್ನೇ ಬಳಸಿ. ಬೋರ್‌ವೆಲ್ ಅಥವಾ ಬಾವಿಯ ನೀರಿದ್ದರೆ ಮೇವಿನ ತಾಕಿಗೆ ಮೊದಲ ಪಾಲು ಕೊಡಿ.

2. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಒಂದು ಕಿಲೋ ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ಕಾನೂನು ಹೇಳುತ್ತದೆ. ಹಿಂಡಿಯನ್ನು ನೆಲದ ತೇವ ತಾಕದಂತೆ ಹಲಗೆಯ ಮೇಲಿಡಿ.

3. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದರೆ, ವೈದ್ಯರು ಹೇಳಿದಷ್ಟು ದಿನ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ. ನಿಮ್ಮ ಒಂದು ಕ್ಯಾನು ಇಡೀ ಟ್ಯಾಂಕರಿನೊಳಗೆ ಬೆರೆಯುತ್ತದೆ.

4. ನಿಮ್ಮೂರ ಕೆರೆ, ರಾಜಕಾಲುವೆ, ಗೋಮಾಳಗಳ ಸರ್ವೆ ಮಾಡಿಸಿ ಗಡಿ ಗುರುತಿಸಲು ಗ್ರಾಮ ಪಂಚಾಯತಿಯನ್ನು ಕೇಳಿ. ಸಂಘದ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯ ಎತ್ತಿ. ಬಡಾವಣೆ ಬಂದ ಮೇಲೆ ಕೆರೆ ಹುಡುಕುವುದು ಎಷ್ಟು ಕಷ್ಟವೆಂದು ಸಾರಕ್ಕಿ ತೋರಿಸಿಕೊಟ್ಟಿದೆ.

ಬಾಂಧವರೇ, ಭೈರಸಂದ್ರ, ತಾವರೆಕೆರೆ, ಮಡಿವಾಳಗಳ ಹಿರಿಯರೂ ಒಂದು ಕಾಲಕ್ಕೆ ನಿಮ್ಮಂತೆಯೇ ಹಟ್ಟಿಯಲ್ಲಿ ಹಸು ಕಟ್ಟಿ ಕರೆದವರು. ಇಂದು ಅವರ ಊರುಗಳಿಗೆ ಹಾಲು ನಿಮ್ಮ ಹಟ್ಟಿಯಿಂದ ಹೋಗಬೇಕು. ಮುಂದೊಂದು ದಿನ ನಿಮ್ಮ ಊರಿನ ಹೆಸರೂ ಬಸ್ಸಿನ ಬೋರ್ಡಿನಲ್ಲಿ ಮಾತ್ರ ಉಳಿಯುವಂತಾಗಬಾರದು. ಹನಿಗೂಡಿದರೆ ಹಳ್ಳ ಎಂಬುದು ಸಹಕಾರದ ಮೂಲಮಂತ್ರ. ಆ ಹಳ್ಳದ ನೀರೂ ಅದರೊಡನೆ ಹರಿಯುವ ಹಾಲೂ ತಿಳಿಯಾಗಿರಲಿ.